ಆ ಮೂರು ದಿನ

ಬನಹಟ್ಟಿ
೪ ಜನವರಿ ೧೯೯೦

ರುಕ್ಮಕ್ಕನಿಗೆ ನಿನ್ನ ಶಿವಗಂಗಾ ಕೈ ಮುಗಿದು ಬರೆಯುವುದು.

ದೀಪಾವಳಿಗೆ ಬಂದು ಹೋದ ಮೇಲೆ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ದೊಡ್ಡವ್ವನ ಮಗಳು ನರ್ಸಬಾಯಿ ಆದಳು ಅಂತ ನಾವು ಹೆಮ್ಮೆಪಟ್ಟದ್ದೇ ಬಂತು. ನಿನಗೆ ಅನಗವಾಡಿಯ ಬಾಣಂತಿಯರ ನೆನಪು, ನಮ್ಮ ನೆನಪಿಲ್ಲ. ಇರಲಿ. ಬನಶಂಕರಿಗೆ ಹತ್ತು ತಿಂಗಳು. ಅಂಬೆಗಾಲಿಟ್ಟು ನೇರ ಮಗ್ಗದ ಕೋಣೆಗೇ ಹೋಗುತ್ತಾಳೆ. ಮೊನ್ನೆ ಲಾಳಿಗೆ ಹಾಕುವ ಕಂಡಿಕೆಗಳನ್ನೆಲ್ಲ ಬಿಚ್ಚಿ, ನೂಲು ಮೈಗೆ ಸುತ್ತಿಕೊಂಡು ಕುಳಿತಿದ್ದಳು. ಅತ್ತೆ ನಕ್ಕರು. ನಾನು ಒಂದು ಎಳೆ ಹರಿದರೂ ನಗುವುದಿಲ್ಲ ಅವರು.

ಬರೆಯಲು ಕಾರಣ ಬೇರೆ ಇದೆ. ಸಂಕ್ರಮಣಕ್ಕೆ ಇವರು ಕೊಲ್ಲಾಪುರದಿಂದ ಬರುತ್ತಾರೆ. ಸೀರೆ ಗಂಟು ಹೊತ್ತು ಹೋಗಿ ಇಪ್ಪತ್ತು ದಿನವಾಯಿತು. ಬರಲಿ ಅಂತ ಜೀವ ದಾರಿ ಕಾಯುತ್ತದೆ, ಬಂದರೆ ಹೇಗೆ ಅಂತ ಅದೇ ಜೀವ ಹೆದರುತ್ತದೆ. ಮುಧೋಳದಲ್ಲಿ ನನ್ನ ಹೊಟ್ಟೆ ಕೊಯ್ದು ಕೂಸು ತೆಗೆದ ಡಾಕ್ಟರ್ ಹೇಳಿದ್ದು ನಿನಗೆ ನೆನಪಿದೆ. ಒಳಗಿನ ಹೊಲಿಗೆ ಕೀವು ಹಿಡಿದು ನಲವತ್ತು ದಿನ ಮಲಗಿದ್ದೆ. ಬಿಡುವ ದಿನ ಅವರು ಅಂದದ್ದು: "ಮೂರು ವರ್ಷ ಮತ್ತ ಬಸರ ಆಗಬ್ಯಾಡ. ಆದ್ರ ಹೊಲಿಗಿ ಬಿಚ್ಚತದ. ಆಗ ನಿನ್ನ ಉಳಸೂದು ನನ್ನ ಕೈಯಾಗ ಇಲ್ಲ." ಅತ್ತೆಯೂ ಅಲ್ಲೇ ನಿಂತು ಕೇಳಿದ್ದರು. ಈಗ ಮರೆತಿದ್ದಾರೋ, ಮರೆತ ಹಾಗೆ ಇದ್ದಾರೋ ಗೊತ್ತಿಲ್ಲ. ಬನಶಂಕರಿಯನ್ನು ಎತ್ತಿಕೊಂಡಾಗಲೆಲ್ಲ "ತಮ್ಮನ್ನ ಯಾವಾಗ ಕರಕೊಂಡ ಬರ್ತಿ?" ಅಂತ ಕೇಳುತ್ತಾರೆ. ಕೇಳುವುದು ಕೂಸನ್ನು, ನೋಡುವುದು ನನ್ನನ್ನು.

ನೀನು ಕೊಟ್ಟ ನಿರೋಧದ ಪೊಟ್ಟಣ ಮುಗಿದಿವೆ. ಅಂಗಡಿಯಲ್ಲಿ ಕೂಡುವವರು ಇವರ ಕಾಕಾ, ಅಲ್ಲಿ ಕೇಳಲು ಇವರಿಗೆ ನಾಚಿಕೆ. ಇಲ್ಲಿಯ ನರ್ಸಬಾಯಿ ಅತ್ತೆಯ ಗೆಳತಿ. ನಾನು ಅವಳ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿರುತ್ತದೆ. ದಿನಾ ಗುಳಿಗೆ ನುಂಗಿದರೂ ಯಾರ ಕಣ್ಣಿಗಾದರೂ ಬೀಳುತ್ತದೆ. ಒಂದು ವೇಳೆ ತಪ್ಪಿದರೆ ಆಮೇಲೆ ತೆಗೆದುಕೊಳ್ಳುವುದೂ ಒಂದಿದೆ ಅಂತ ದೀಪಾವಳಿಯಲ್ಲಿ ನೀನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಯಾರೋ ಬಂದರು, ಮಾತು ಅರ್ಧಕ್ಕೆ ನಿಂತಿತು. ಅದನ್ನು ಕಳಿಸಿಕೊಡು.

ನನ್ನ ಪತ್ರ ನಾನೇ ಟಪಾಲು ಡಬ್ಬಿಗೆ ಹಾಕುತ್ತೇನೆ, ಅದಕ್ಕೇ ಬಿಚ್ಚಿ ಬರೆದಿದ್ದೇನೆ. ನಿನ್ನ ಪತ್ರ ಬಂದರೆ ಮಾತ್ರ ನಾದಿನಿ ಇಂದ್ರವ್ವ ಅಂಗಳದಲ್ಲಿ ನಿಂತು ಎಲ್ಲರಿಗೂ ಓದಿ ಹೇಳುತ್ತಾಳೆ. ಹುಡುಗಿ ಮೆಟ್ರಿಕ್ ಪಾಸಾದದ್ದು ಅದಕ್ಕೇ ಇರಬೇಕು. ತಿಳಿದು ಬರಿ.

ನಾನು ಸಾಯುವುದಿಲ್ಲ ಅಕ್ಕಾ. ಹಾಗಂತ ಗಟ್ಟಿ ಮಾಡಿಕೊಂಡಿದ್ದೇನೆ. ಬನಶಂಕರಿಗೆ ನಾನು ಬೇಕು.

ನಿನ್ನ
ಶಿವಗಂಗಾ


ಅನಗವಾಡಿ
೮ ಜನವರಿ ೧೯೯೦

ಶಿವಗಂಗಾ, ನಿನಗೂ ಬನಶಂಕರಿಗೂ ಆಶೀರ್ವಾದ. ಮುತ್ತವ್ವ ಅತ್ತೆಯವರಿಗೆ ನಮಸ್ಕಾರ. ಓದುತ್ತಿರುವ ಇಂದ್ರವ್ವನಿಗೆ ಶಾಬಾಸ್.

ನಮ್ಮೂರ ಲಗಮಪ್ಪ ಮಗಳ ಮನೆಗೆ ಬನಹಟ್ಟಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನೂ ಒಂದು ಗಂಟನ್ನೂ ಕೊಟ್ಟಿದ್ದೇನೆ. ಅದರಲ್ಲಿ ಎಲ್ಲರಿಗೂ ಸಂಕ್ರಮಣದ ಕುಸುರೆಳ್ಳು, ಕೂಸಿಗೆ ಒಂದು ಕುಲಾವಿ. ನಾನೇ ಹೊಲಿದದ್ದು. ಒಳಗೆ ಅಸ್ತರು ಹಚ್ಚಿದ್ದೇನೆ, ಹೊಲಿಗೆ ಅಷ್ಟು ಬಿಗಿಯಿಲ್ಲ, ನೀನು ಬಿಚ್ಚಿ ಮತ್ತೆ ಹೊಲಿದುಕೋ.

ನಿನ್ನ ಪಾಲಿನ ಕುಸುರೆಳ್ಳು ಬೇರೆ ಇವೆ, ಕೂಸಿನ ನೆತ್ತಿಯ ಮೇಲೆ ಹುಡುಕು. ಬಿಳಿಯವು ಮಾತ್ರ ನಿನಗೆ, ಕಂದು ಬಣ್ಣದವು ಇದಕ್ಕೆ ಬರುವುದಿಲ್ಲ. ಹಬ್ಬದಲ್ಲಿ ಊಟ ಹೆಚ್ಚುಕಡಿಮೆ ಆದರೆ ಮಾತ್ರ ಮುಟ್ಟು. ಒಮ್ಮೆಗೆ ನಾಲ್ಕು, ಹನ್ನೆರಡು ತಾಸು ಬಿಟ್ಟು ಮತ್ತೆ ನಾಲ್ಕು. ಹೊಟ್ಟೆ ತೊಳಸುತ್ತದೆ, ಹೆದರಬೇಡ. ಆ ಮೂರು ದಿನದೊಳಗೆ ತೆಗೆದುಕೊಳ್ಳಬೇಕು. ಆ ಮೂರು ದಿನ ದಾಟಿದರೆ ಉಪಯೋಗವಿಲ್ಲ. ಕೂಸಿನ ಕೈಗೆ ಸಿಗದ ಹಾಗೆ ಎತ್ತಿಡು. ನೀನು ಕೇಳಿದ ಪೊಟ್ಟಣ ನಮ್ಮಲ್ಲೂ ಖಾಲಿ, ಬೀಳಗಿಯಿಂದ ಬರಬೇಕು.

ಜಾಣೆಗೆ ಒಂದು ಮಾತು ಸಾಕು, ಎರಡು ಹೇಳುವುದಿಲ್ಲ.

ನಿನ್ನ ಅಕ್ಕ
ರುಕ್ಮವ್ವ


ಬನಹಟ್ಟಿ
೧೬ ಜನವರಿ ೧೯೯೦

ರುಕ್ಮಕ್ಕಾ,

ಕುಲಾವಿ ಬನಶಂಕರಿಗೆ ಸ್ವಲ್ಪ ದೊಡ್ಡದು, ಹುಬ್ಬಿನ ತನಕ ಇಳಿಯುತ್ತದೆ. ಇಂದ್ರವ್ವ ನಿನ್ನ ಪತ್ರ ಓದಿ, "ನಿಮ್ಮಕ್ಕ ತಿನ್ನೂದ್ರಾಗೂ ಕಾಯ್ದೆ ಮಾಡ್ಯಾಳಲ್ಲ ವೈನಿ, ಬಿಳೀವು ನಾಕು, ಮತ್ತ ನಾಕು" ಅಂತ ನಕ್ಕಳು. ನಾನೂ ನಕ್ಕೆ. ರಾತ್ರಿ ಅಸ್ತರು ಬಿಚ್ಚಿ ಒಳಗಿನ ಗುಳಿಗೆಯ ಪಟ್ಟಿ ತೆಗೆದೆ.

ಊಟ ಹೆಚ್ಚುಕಡಿಮೆ ಆಯಿತು ಅಕ್ಕಾ. ಸಂಕ್ರಮಣದ ದಿನವೇ. ಇವರು ಬರಿಗೈಯಲ್ಲಿ ಬಂದಿದ್ದರು. ಕೇಳಿದರೆ "ಕೂಸು ಮೊಲಿ ಕುಡ್ಯಾತನಕ ಏನೂ ಆಗೂದಿಲ್ಲ ಬಿಡ" ಅಂದರು. ಎಲ್ಲಾ ಅವರ ಮೇಲೆ ಹಾಕುವುದು ಸರಿಯಲ್ಲ, ನಾನೂ ಬೇಡ ಅನ್ನಲಿಲ್ಲ. ತಿಂಗಳು ಬಿಟ್ಟು ಬಂದಿದ್ದರು. ನನಗೂ ಮನಸ್ಸಿದೆ. ಇದನ್ನು ನಿನಗಲ್ಲದೆ ಯಾರಿಗೂ ಬರೆಯಲಾರೆ.

ಮರುದಿನ ಸ್ವಲ್ಪ ಅಳು ಬಂತು, ಆಮೇಲೆ ನಿಂತಿತು. ನಿನ್ನ ಕುಸುರೆಳ್ಳು ಇವೆಯಲ್ಲ ಅಂತ ಧೈರ್ಯ. ಬಿಳಿಯವು ಎಂಟು ಬೇರೆ ಎಣಿಸಿ, ಅರಿವೆಯಲ್ಲಿ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ನೀನು ಹೇಳಿದ ಮೂರು ದಿನ ತಪ್ಪಿಸುವುದಿಲ್ಲ. ದಿನ ಎಣಿಸುತ್ತ ಕುಳಿತಿದ್ದೇನೆ.

ನಾಳೆ ಇವರು ಮತ್ತೆ ಕೊಲ್ಲಾಪುರಕ್ಕೆ ಹೊರಡುತ್ತಾರೆ.

ಶಿವಗಂಗಾ


ಅನಗವಾಡಿ
೨೦ ಜನವರಿ ೧೯೯೦

ಶಿವಗಂಗಾ,

ನಿನ್ನೆ ಪತ್ರ ಬಂತು. ಮೂರು ದಿನ ತಪ್ಪಿಸುವುದಿಲ್ಲ ಅಂತ ಓದಿ ಎದೆ ಹಗುರವಾಯಿತು. ನನ್ನ ತಂಗಿ ಜಾಣೆ ಅಂತ ನಮ್ಮ ಆಯಾ ಯಂಕವ್ವನ ಮುಂದೆ ನಾಲ್ಕು ಸಲ ಹೇಳಿದೆ. ಅವಳಿಗೆ ಯಾಕೆ ಅಂತ ಹೇಳಲಿಲ್ಲ.

ಹೊಟ್ಟೆ ತೊಳಸಿತೇ? ವಾಂತಿಯಾಯಿತೇ? ಒಂದು ಸಾಲು ಬರಿ. ಇಲ್ಲಿ ಸಂಕ್ರಮಣಕ್ಕೆ ಹೊಳೆಯಲ್ಲಿ ಮಿಂದವರಿಗೆಲ್ಲ ನೆಗಡಿ. ಅರ್ಧ ಊರಿನ ಮೂಗು ನನ್ನ ಬಾಗಿಲಲ್ಲೇ ಸೋರುತ್ತಿದೆ. ನಿನ್ನ ಚಿಂತೆ ಒಂದು ಕಳೆಯಿತಲ್ಲ, ಅಷ್ಟು ಸಾಕು.

ಇಂದ್ರವ್ವಾ, ಕುಸುರೆಳ್ಳು ಹಲ್ಲಿಗೆ ಗಟ್ಟಿಯಾಗಲಿಲ್ಲವಷ್ಟೇ?

ರುಕ್ಮವ್ವ


ಬನಹಟ್ಟಿ
೬ ಫೆಬ್ರವರಿ ೧೯೯೦

ಅಕ್ಕಾ,

ಆ ಮೂರು ದಿನ ಬರಲೇ ಇಲ್ಲ.

ಹೊಟ್ಟೆ ತೊಳಸಿತೇ ಅಂತ ನೀನು ಕೇಳಿದ್ದೆ. ಇನ್ನೂ ತೆಗೆದುಕೊಂಡೇ ಇಲ್ಲ, ಇವಳಿಗೇಕೆ ಇಷ್ಟು ಅವಸರ ಅಂದುಕೊಂಡು ಉತ್ತರ ಬರೆಯಲಿಲ್ಲ. ಕೂಸು ಹುಟ್ಟಿದ ಮೇಲೆ ನಿಂತ ಮುಟ್ಟು ಶುರುವಾಗಿ, ಎರಡು ತಿಂಗಳಿಂದ ನಾನು ಮತ್ತೆ ಹೊರಗಾಗುತ್ತಿದ್ದೆ. ಹೋದ ಸಲ ಡಿಸೆಂಬರ್ ಕೊನೆಯ ದಿನ. ಆ ಲೆಕ್ಕಕ್ಕೆ ಜನವರಿ ಇಪ್ಪತ್ತೆಂಟಕ್ಕೆ ಆಗಬೇಕಿತ್ತು. ಇಪ್ಪತ್ತೇಳರಿಂದಲೇ ಎಂಟು ಗುಳಿಗೆ ಸೆರಗಿನ ತುದಿಗೆ ಕಟ್ಟಿಕೊಂಡು ತಿರುಗಿದೆ. ಹೊರಗೆ ಕೂತ ಕೂಡಲೇ ನುಂಗಬೇಕು, ಮೂರನೆಯ ದಿನ ದಾಟಬಾರದು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಹತ್ತು ದಿನವಾಯಿತು. ಹೊರಗೆ ಆಗಲಿಲ್ಲ. ನಿನ್ನೆ ಒಗ್ಗರಣೆಯ ವಾಸನೆಗೆ ಹಿತ್ತಲಿಗೆ ಓಡಿ ಹೋದೆ. ಇದು ನನಗೆ ಹೊಸದಲ್ಲ, ಬನಶಂಕರಿಯ ಸಲವೂ ಹೀಗೇ ಶುರುವಾಗಿತ್ತು.

ನೀನು ಆ ಮೂರು ದಿನದೊಳಗೆ ಅಂದೆ. ಅವು ಬರದೇ ಇದ್ದರೆ ಯಾವಾಗ ತೆಗೆದುಕೊಳ್ಳಬೇಕು? ಈಗಲೇ ನುಂಗಲೇ? ಎಂಟನ್ನೂ ಒಮ್ಮೆಲೇ ನುಂಗಲೇ? ನನ್ನ ಕೈಯಲ್ಲೇ ಇವೆ. ನಿನ್ನ ಮಾತು ಬರುವ ತನಕ ಮುಟ್ಟುವುದಿಲ್ಲ.

ಬೈಯಬೇಡ, ಸಮಾಧಾನವನ್ನೂ ಹೇಳಬೇಡ. ಏನು ಮಾಡಬೇಕು ಅಷ್ಟನ್ನೇ ಹೇಳು. ಬಾಯಿ ಬಿಟ್ಟು ಹೇಳು. ಯಾರು ಓದಿದರೂ ಚಿಂತೆಯಿಲ್ಲ, ನನಗೆ ತಿಳಿಯಬೇಕು.

ಶಿವಗಂಗಾ


ಅನಗವಾಡಿ
೯ ಫೆಬ್ರವರಿ ೧೯೯೦

ಶಿವಗಂಗಾ,

ಆ ಗುಳಿಗೆ ನುಂಗಬೇಡ. ಈಗ ನುಂಗಿದರೆ ಬಸಿರು ಹೋಗುವುದಿಲ್ಲ, ಅವು ಅದಕ್ಕಾಗಿ ಇರುವುದೂ ಅಲ್ಲ. ಮೊದಲು ಇದನ್ನು ಓದಿಕೋ, ಉಳಿದದ್ದು ಆಮೇಲೆ.

ನಿನ್ನ ಪತ್ರ ಓದಿ ಹೆರಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಯಂಕವ್ವ ಹೊರಗಿನಿಂದ ಬಾಗಿಲು ಬಡಿದಳು. ನಾನು ಹೇಳಿದ ಮೂರು ದಿನ ಅಂದರೆ ಗಂಡ ಹೆಂಡತಿ ಕೂಡಿದ ತಾಸಿನಿಂದ ಎಣಿಸಿದ ಮೂರು ದಿನ. ಎಪ್ಪತ್ತೆರಡು ತಾಸು. ನೀನು ತಿಳಿದದ್ದು ಮುಟ್ಟಾಗಿ ಹೊರಗೆ ಕೂಡುವ ಮೂರು ದಿನ. ತಪ್ಪು ನಿನ್ನದಲ್ಲ. "ಆ ಮೂರು ದಿನ" ಅಂದರೆ ಈ ಸೀಮೆಯ ಯಾವ ಹೆಂಗಸಾದರೂ ಅದನ್ನೇ ತಿಳಿಯುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ನನಗೆ ಅದು ಹೊಳೆಯಲಿಲ್ಲ. ನೀನು ಜನವರಿ ಹದಿನಾರಕ್ಕೆ ಬರೆದ ಪತ್ರ ಇವತ್ತು ಮತ್ತೆ ತೆಗೆದು ಓದಿದೆ. ಅವತ್ತು ಇನ್ನೂ ಒಂದು ದಿನ ಕೈಯಲ್ಲಿತ್ತು. ಇಂದ್ರವ್ವ ಓದುತ್ತಾಳೆ ಅಂತ ಕುಸುರೆಳ್ಳು, ಊಟ ಅಂತ ಹೆಣೆದೆ. ಆ ಜಾಣತನಕ್ಕೆ ಒಳಗೊಳಗೇ ಹಿಗ್ಗಿದ್ದೆ ಕೂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇನ್ನು ಮುಚ್ಚಿ ಬರೆಯುವುದಿಲ್ಲ.

ಈಗ ಮಾಡಬೇಕಾದದ್ದು. ಹದಿನಾಲ್ಕನೆಯ ತಾರೀಖು ಬುಧವಾರ ಮುಂಜಾನೆ ಜಮಖಂಡಿಗೆ ಹೋಗು. ಇದರ ಜೊತೆಗಿರುವ ಚೀಟಿಯಲ್ಲಿ ಹೆಸರು, ದವಾಖಾನೆ ಇವೆ. ಈ ಗುಳಿಗೆಯ ವಿಷಯ ನನಗೆ ಕಲಿಸಿದವರು ಆ ಡಾಕ್ಟರಬಾಯಿಯೇ. ನಿನ್ನ ಹೊಟ್ಟೆಯ ಕಥೆ ಎಲ್ಲ ಬರೆದಿದ್ದೇನೆ. ಮೊದಲು ಮೂತ್ರ ತಪಾಸಣೆ ಮಾಡುತ್ತಾರೆ. ಬಸಿರು ಖರೆ ಅಂತಾದರೆ ಇಷ್ಟು ಬೇಗ ತೆಗೆಯುವುದು ಬಲ್ಲ ಡಾಕ್ಟರ ಕೈಯಲ್ಲಿ ಕಷ್ಟವಲ್ಲ. ಇದು ಕಳ್ಳತನವೂ ಅಲ್ಲ. ತಾಯಿಯ ಜೀವಕ್ಕೆ ಅಪಾಯ ಇದ್ದರೆ ತೆಗೆಯಬಹುದು ಅಂತ ಸರಕಾರ ಕಾಯ್ದೆ ಮಾಡಿ ಹದಿನೆಂಟು ವರ್ಷವಾಯಿತು. ನಿನಗೆ ವಯಸ್ಸು ತುಂಬಿದೆ, ನಿನ್ನ ಸಹಿ ಒಂದೇ ಸಾಕು. ಗಂಡನ ಸಹಿ ತಾ ಅಂತ ಯಾರಾದರೂ ಅಂದರೆ ಜಗ್ಗಬೇಡ. ಆಮೇಲೆ ಬಸಿರು ತಡೆಯುವ ವಂಕಿ, ಅದೇ ಕಾಪರ್-ಟಿ, ಹಾಕಬಹುದೇ ಅಂತ ಅವರನ್ನೇ ಕೇಳು. ನಿನ್ನ ಹೊಟ್ಟೆ ನೋಡಿ ಅವರು ಹೇಳುತ್ತಾರೆ.

ಯಾರಾದರೂ ಬೇರು, ಕಡ್ಡಿ, ಕಷಾಯ ಅಂತ ಬಂದರೆ ಬಾಗಿಲು ಹಾಕು. ಅಂಥವರ ಔಷಧಕ್ಕೆ ಸಿಕ್ಕ ಇಬ್ಬರನ್ನು ಈ ಕೈಯಿಂದ ಗಾಡಿಗೆ ಹಾಕಿ ದವಾಖಾನೆಗೆ ಕಳಿಸಿದ್ದೇನೆ. ಒಬ್ಬಳು ತಿರುಗಿ ಬರಲಿಲ್ಲ. ಅವಳ ಹೆಸರು ಕೆಂಪವ್ವ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ನಿನ್ನ ಜೊತೆ ಬರಬೇಕಾದವಳು ನಾನು. ಬುಧವಾರ ಬೀಳಗಿಯಲ್ಲಿ ಕ್ಯಾಂಪ್ ಇದೆ, ಎರಡು ಸಲ ರಜೆ ಕೇಳಿದೆ, ಕೊಡಲಿಲ್ಲ. ಡಾಕ್ಟರಬಾಯಿ ಜಮಖಂಡಿಯಲ್ಲಿ ಇರುವುದು ಬುಧವಾರ ಒಂದೇ ದಿನ, ಮುಂದಿನ ವಾರ ಅವರು ಊರಲ್ಲಿಲ್ಲ. ಅದಕ್ಕೆ ಕಾಯಬೇಡ. ಒಬ್ಬಳೇ ಆದರೂ ಹೋಗು.

ಲಕೋಟೆಯ ಮೇಲೆ "ಶಿವಗಂಗವ್ವ ಮಾತ್ರ ಒಡೆಯಬೇಕು" ಅಂತ ದಪ್ಪಗೆ ಬರೆದಿದ್ದೇನೆ.

ರುಕ್ಮವ್ವ


ಬನಹಟ್ಟಿ
೧೯ ಫೆಬ್ರವರಿ ೧೯೯೦

ಅಕ್ಕಾ,

ಬದುಕಿದ್ದೇನೆ. ಮುಗಿಯಿತು. ಇನ್ನು ಸಾವಕಾಶ ಓದು.

"ಶಿವಗಂಗವ್ವ ಮಾತ್ರ ಒಡೆಯಬೇಕು" ಅಂತ ಬರೆದರೆ ಇಂದ್ರವ್ವ ಸುಮ್ಮನೆ ಬಿಡುತ್ತಾಳೆಯೇ? ನಾನು ನೀರಿಗೆ ಹೋಗಿದ್ದೆ. ಕೊಡ ಹೊತ್ತು ಅಂಗಳಕ್ಕೆ ಬರುವಷ್ಟರಲ್ಲಿ ಅವಳು ಲಕೋಟೆ ಹರಿದು ಓದುತ್ತಿದ್ದಳು. ಅತ್ತೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. "ಬಸಿರು" ಅನ್ನುವಲ್ಲಿ ಇಂದ್ರವ್ವನ ದನಿ ಸಣ್ಣಗಾಯಿತು. ನಿಲ್ಲಿಸಲು ನೋಡಿದಳು. ಅತ್ತೆ "ಓದ" ಅಂದರು. ಕೊನೆಯ ತನಕ ಓದಿಸಿದರು. ನಾನು ಕೊಡ ಇಳಿಸದೆ ನಿಂತೇ ಇದ್ದೆ.

ಓದಿ ಮುಗಿದ ಮೇಲೆ ಅವರು ಕಂಡಿಕೆ ತುಂಬುವ ತನಕ ರಾಟೆ ತಿರುಗಿಸಿದರು. ಆಮೇಲೆ ಅಂದರು: "ಮೂರು ದಿನ ಅಂದ್ರ ನಾನಾದ್ರೂ ಅದನ್ನ ತಿಳಕೋತಿದ್ದೆ. ಹೆಂಗಸರಿಗೆ ಮತ್ತ ಯಾವ ಮೂರು ದಿನ ಅದಾವ?"

ಅಷ್ಟಕ್ಕೇ ನನ್ನ ಕಡೆ ಆದರು ಅಂತ ತಿಳಿಯಬೇಡ. ಹೊಸ ಕಂಡಿಕೆ ಸಿಕ್ಕಿಸುತ್ತ, "ಗಂಡಿದ್ರ?" ಅಂತ ಕೇಳಿದರು.

ನಾನು ಕೊಡ ಇಳಿಸಿದೆ. ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. "ಗಂಡಿದ್ರ ಅಂವಾನೂ ನನ್ನ ಕೂಡ ಹೋಗತಾನ್ರಿ ಅತ್ತಿ. ಬನಶಂಕರಿ ಒಬ್ಬಾಕಿ ಉಳೀತಾಳ. ಬುಧವಾರ ನಾ ಜಮಖಂಡಿಗೆ ಹೋಗಾಕಿ. ನೀವು ಬಂದ್ರೂ ಹೋಗತೀನಿ, ಬರದಿದ್ರೂ ಹೋಗತೀನಿ" ಅಂದೆ.

ಎರಡು ದಿನ ಅವರು ಇಂದ್ರವ್ವನ ಕೈಯಿಂದಲೇ ಬಡಿಸಿಕೊಂಡು ಉಂಡರು. ಅಡುಗೆಗೆ ಉಪ್ಪು ಹೆಚ್ಚಾದರೂ ಅನ್ನಲಿಲ್ಲ. ಬುಧವಾರ ಮುಂಜಾನೆ ನಾನು ಕೂಸನ್ನು ಎತ್ತಿಕೊಳ್ಳಲು ಹೋದರೆ ತೊಟ್ಟಿಲ ಜೋಳಿಗೆಯಲ್ಲಿ ಕೂಸಿಲ್ಲ. ಅತ್ತೆ ಅದಕ್ಕೆ ನಿನ್ನ ಕುಲಾವಿ ಹಾಕಿ, ತಾವು ಶಾಲು ಹೊದ್ದು, ಕಟ್ಟೆಯ ಮೇಲೆ ಕೂತಿದ್ದರು. "ಬಸ್ಸ ತಪ್ಪತದ, ನಡಿ" ಅಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದರು. ಜಮಖಂಡಿ ಬಂದಾಗ ಒಂದು ಮಾತು ಹೇಳಿದರು. ಅವರಿಗೆ ಸಾವಕ್ಕ ಅಂತ ತಂಗಿಯಿದ್ದಳಂತೆ. ಮೊದಲ ಕೂಸಿಗೆ ವರ್ಷ ತುಂಬುವ ಮೊದಲೇ ಎರಡನೆಯದು. "ಹೊಟ್ಟಿ ಹೊತ್ತಕೊಂಡ ಹೋದಳು. ಆಗ ಕಾಗದ ಬರಿಯಾವ್ರೂ ಇರಲಿಲ್ಲ, ಓದಾವ್ರೂ ಇರಲಿಲ್ಲ." ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ಆ ಹೆಸರು ನಾನು ಕೇಳಿರಲಿಲ್ಲ.

ದವಾಖಾನೆಯಲ್ಲಿ ಕಾಗದ ತುಂಬಿಕೊಳ್ಳುವ ಮನುಷ್ಯ ನನ್ನ ಮುಖವನ್ನೂ ನೋಡಲಿಲ್ಲ. "ಗಂಡನ ಸಹಿ ಬೇಕ್ರಿ. ಕರಕೊಂಡ ಬರ್ರಿ" ಅಂದ. ನಿನ್ನ ಪತ್ರ ನನ್ನ ಕೈಚೀಲದಲ್ಲಿತ್ತು. "ನನ್ನ ಸಹಿ ಸಾಕ್ರಿ, ಕಾಯ್ದೆ ಹಂಗ ಐತಿ" ಅಂದೆ. ಅವನು ಪೆನ್ನು ಕೆಳಗಿಟ್ಟ. ನಾನು ಮತ್ತೆ ಅಂದೆ: "ಕಾಯ್ದೆ ಹಂಗ ಐತ್ರಿ. ಡಾಕ್ಟರಬಾಯಾರನ್ನ ಕರೀರಿ, ಅವ್ರನ್ನ ಕೇಳೂಣು." ಹಿಂದೆ ಸಾಲಿನಲ್ಲಿದ್ದವರು ನೋಡತೊಡಗಿದರು. ಆಗ ಅತ್ತೆ ಬೆಂಚಿನಿಂದ ಎದ್ದು ಬಂದರು. "ಈಕೀ ಗಂಡ ನನ್ನ ಮಗ. ಅಂವನ್ನ ಹಡದಾಕಿ ನಾ ಇಲ್ಲೇ ನಿಂತೇನಿ. ಈಕೀ ಹೇಳಿದ್ದ ಬರಕೋ ತಮ್ಮಾ" ಅಂದರು. ಅವನು ಬರೆದುಕೊಂಡ. ಶಿವಗಂಗವ್ವ ಶಂಕರೆಪ್ಪ ಅಂತ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಮದುವೆಯಾದ ಮೇಲೆ ಎಲ್ಲಿಯೂ ಸಹಿ ಮಾಡಿರಲಿಲ್ಲ.

ಡಾಕ್ಟರಬಾಯಿ ಒಳ್ಳೆಯವರು. ಏನು ಮಾಡುತ್ತೇನೆ ಅಂತ ಹೇಳಿ ಹೇಳಿ ಮಾಡಿದರು. ನೋವಿತ್ತು. ಸುಳ್ಳು ಯಾಕೆ ಹೇಳಲಿ, ಅಳುವೂ ಬಂತು. ಆದರೆ ಅದು ತಪ್ಪು ಮಾಡಿದವಳ ಅಳುವಲ್ಲ. ಸಂಜೆಯೇ ಮನೆಗೆ ಬಂದೆವು. ವಂಕಿ ತಿಂಗಳು ಬಿಟ್ಟು ಹಾಕುತ್ತಾರಂತೆ, ಅಲ್ಲಿಯ ತನಕ ಎಚ್ಚರ ಅಂದರು.

ನಿನ್ನೆ ಇವರು ಬಂದರು. ನಾನೇ ಎದುರು ಕೂತು ಎಲ್ಲಾ ಹೇಳಿದೆ. "ನನಗೊಂದ ಮಾತು ಕೇಳಬೇಕಿತ್ತು" ಅಂದರು. "ಸಂಕ್ರಮಣಕ್ಕ ನಾ ಕೇಳಿದ್ದೆ" ಅಂದೆ. ಆಗ ಅತ್ತೆ ಒಳಗಿನಿಂದಲೇ, "ಅಂಗಡ್ಯಾಗ ಪೊಟ್ಟಣ ಕೇಳಾಕ ನಾಚಿಕಿ ಬಂದ್ರ ಮಗ್ಗದ ಕ್ವಾಣ್ಯಾಗ ಹಾಸಿಗಿ ಹಾಸ್ಕೋಪಾ. ಅಲ್ಲಿ ಯಾವ ನಾಚಿಕೀನೂ ಇಲ್ಲ" ಅಂದರು. ಇವತ್ತು ಮುಂಜಾನೆ ಕಾಕಾನ ಅಂಗಡಿಗೇ ಹೋಗಿ ತಂದಿದ್ದಾರೆ. ಕಿವಿ ಇನ್ನೂ ಕೆಂಪಗಿವೆ.

ಅತ್ತೆ ನಿನಗೆ ಒಂದು ಮಾತು ಬರೆಸಿದ್ದಾರೆ, ಅವರ ಬಾಯಿಯ ಮಾತೇ ಹಾಕುತ್ತೇನೆ: "ರುಕ್ಮವ್ವಾ, ಆ ಮೂರು ದಿನದ್ದು ಇನ್ನೊಂದ ಸಲ ಬರಿ. ಕಂಡಿಕಿ ಸುತ್ತಾಕ ಓಣ್ಯಾಗಿನ ಹೆಣ್ಮಕ್ಕಳು ನಮ್ಮ ಅಂಗಳಕ್ಕ ಬರ್ತಾರ. ಇಂದ್ರವ್ವ ಓದತಾಳ. ಮುಚ್ಚಿ ಬರೀಬ್ಯಾಡ. ನಮ್ಮಂಥಾ ಓದಲಾರದಾಕಿಗೂ ತಿಳೀಬೇಕು."

ನಿನ್ನ
ಶಿವಗಂಗಾ


ಅನಗವಾಡಿ
೨೬ ಫೆಬ್ರವರಿ ೧೯೯೦

ಮುತ್ತವ್ವ ಅತ್ತಿಯಾರಿಗೆ, ಅಂಗಳದಾಗ ಕುಂತ ಎಲ್ಲಾ ಅಕ್ಕತಂಗ್ಯಾರಿಗೆ ರುಕ್ಮವ್ವನ ಶರಣು.

ಇಂದ್ರವ್ವಾ, ನಿಂತ ಓದು. ಗಟ್ಟಿ ಓದು. ನಾಚಿಕಿ ಬಂದಲ್ಲಿ ಇನ್ನೊಮ್ಮಿ ಓದು.

ಪುಸ್ತಕದ ಮಾತಿನ್ಯಾಗ ಬರದು ಒಮ್ಮೆ ಕೆಟ್ಟೇನಿ, ಅದಕ್ಕ ನಿಮ್ಮ ಎದುರಿಗಿ ಕುಂತ ಮಾತಾಡಿದಂಗ ಬರೀತೀನಿ. ಗಂಡ ಹೆಂಡತಿ ಕೂಡೂದು ಪಾಪ ಅಲ್ಲ, ಮುಚ್ಚೂ ಮಾತೂ ಅಲ್ಲ. ಅದನ್ನ ಮುಚ್ಚಿ ಹೇಳಾಕ ಹೋಗಿ ನನ್ನ ತಂಗಿ ಜೀವ ನಾನ ಕಳೀತಿದ್ದೆ. ಕೂಸು ಮೊಲಿ ಕುಡ್ಯಾಕತ್ತೈತಿ, ಬಸರ ಆಗೂದಿಲ್ಲ ಅನ್ನೂದು ನಂಬಬ್ಯಾಡ್ರಿ. ಆರು ತಿಂಗಳ ದಾಟಿದ ಮ್ಯಾಲ, ಇಲ್ಲಾ ಮತ್ತ ಹೊರಗ ಆಗಾಕತ್ತಿದ ಮ್ಯಾಲ, ಆ ಮಾತಿಗಿ ಬೆಲಿ ಇಲ್ಲ. ಬ್ಯಾಡ ಅಂದ್ರ ಮೊದಲ ಬಂದೋಬಸ್ತ ಮಾಡ್ಕೋರಿ. ಪೊಟ್ಟಣ ಅದಾವ, ದಿನಾ ನುಂಗೂ ಗುಳಿಗಿ ಅದಾವ, ವಂಕಿ ಐತಿ.

ಅಷ್ಟು ಮಾಡಿದ್ರೂ ಒಮ್ಮೊಮ್ಮೆ ತಪ್ಪತೈತಿ. ಪೊಟ್ಟಣ ಹರೀತೈತಿ, ಗುಳಿಗಿ ಮರೀತೈತಿ, ಗಂಡ ಬರಿಗೈಲೆ ಬರ್ತಾನ. ಆಗ ನಿಮ್ಮ ಕೈಯಾಗ ಮೂರು ದಿನ ಇರ್ತಾವ. ಹೊರಗ ಕೂಡೂ ಮೂರು ದಿನ ಅಲ್ಲ. ಕೂಡಿದ ತಾಸಿನಿಂದ ಮೂರು ದಿನ. ಸೋಮವಾರ ಸಂಜೀಕ ಕೂಡಿದ್ರ ಗುರುವಾರ ಸಂಜಿ ಒಳಗ. ಗುರುವಾರತನಕ ಕಾಯಬ್ಯಾಡ್ರಿ, ಮಂಗಳವಾರ ಮುಂಜಾನೆನ ತಗೋರಿ. ಎಷ್ಟು ಲಗೂ ಅಷ್ಟು ಛಲೋ. ಯಾವ ಗುಳಿಗಿ, ಎಷ್ಟು ಅನ್ನೂದು ನಿಮ್ಮೂರ ನರ್ಸಬಾಯಿ ನಿಮ್ಮನ್ನ ನೋಡಿ ಹೇಳತಾಳ. ಆಕಿಗೂ ನಾ ಬ್ಯಾರೆ ಪತ್ರ ಬರದೇನಿ. ಓಣಿ ತುಂಬ ಡಂಗುರ ಹೊಡದ್ರ ನಾನ ಬಂದು ಜಗಳಾ ತಗೀತೀನಿ ಅಂತನೂ ಬರದೇನಿ. ಇದು ದಿನಾ ನುಂಗೂದಲ್ಲ, ತಪ್ಪಿದಾಗಿನ ಔಷಧ. ತಗೊಂಡು ಮೂರು ವಾರದಾಗ ಹೊರಗ ಆಗದಿದ್ರ ಸುಮ್ಮ ಕೂಡಬ್ಯಾಡ್ರಿ, ದವಾಖಾನಿಗಿ ಹೋಗ್ರಿ.

ಟಪಾಲಿನ ಪತ್ರ ಬರಾಕ ಮೂರು ದಿನ ಬೇಕು. ತಪ್ಪಿದ ಮ್ಯಾಲ ನನಗ ಬರದು ಕಾಯ್ಕೊಂತ ಕುಂತ್ರ ನಿಮ್ಮ ಮೂರು ದಿನ ಟಪಾಲಿನ ಬಸ್ಸಿನ್ಯಾಗನ ಮುಗೀತಾವ. ಅದಕ್ಕ ಇದನ್ನ ಈಗ ಕೇಳ್ರಿ, ತಲ್ಯಾಗ ಇಟ್ಕೋರಿ. ಟ್ರಂಕಿನ್ಯಾಗ ಇಡಬ್ಯಾಡ್ರಿ.

ಅತ್ತಿಯಾರ, ಜಮಖಂಡಿಗೆ ನಾ ಬರಬೇಕಿತ್ತು, ನೀವು ಹೋದ್ರಿ. ಅದನ್ನ ನಾ ಸಾಯೂತನಕ ಮರಿಯೂದಿಲ್ಲ.

ರುಕ್ಮವ್ವ


ಚಿಮ್ಮಡ
೨೧ ನವೆಂಬರ್ ೧೯೯೧

ರುಕ್ಮಕ್ಕನವರಿಗೆ ಇಂದ್ರವ್ವನ ನಮಸ್ಕಾರ. ನಿಮ್ಮ ಪತ್ರಗಳನ್ನೆಲ್ಲ ಒಡೆದು ಓದಿದವಳು ನಾನು. ನನ್ನದು ಯಾರೂ ಒಡೆಯುವುದು ಬೇಡ ಅಂತ ಬಿಚ್ಚು ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಟಪಾಲಿನವನು ಓದಿದರೆ ಓದಲಿ, ಅವನಿಗೂ ಹೆಂಡತಿ ಇದ್ದಾಳೆ.

ಮದುವೆಯಾಗಿ ಚಿಮ್ಮಡಕ್ಕೆ ಬಂದದ್ದು ನಿಮಗೆ ಗೊತ್ತು. ದಿನಾ ಜಮಖಂಡಿಗೆ ಬಸ್ಸಿಗೆ ಹೋಗಿ ಶಿಕ್ಷಕಿ ಟ್ರೇನಿಂಗ್ ಓದುತ್ತಿದ್ದೇನೆ. ಏಪ್ರಿಲ್‌ನಲ್ಲಿ ಕೊನೆಯ ಪರೀಕ್ಷೆ, ಅಲ್ಲಿಯ ತನಕ ಕೂಸು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಈ ತಿಂಗಳ ಮೊದಲ ವಾರ ಒಂದು ಮಂಗಳವಾರ ಪೊಟ್ಟಣ ಹರಿಯಿತು. ಆಗಲೇ ನಿಮ್ಮ ಪತ್ರ ನೆನಪಾಯಿತು. ಅಂಗಳದಲ್ಲಿ ಅದನ್ನು ಎಷ್ಟು ಸಲ ಓದಿದ್ದೇನೋ, ಬಾಯಿಪಾಠವಾಗಿದೆ. ಬುಧವಾರ ಮುಂಜಾನೆಯೇ ಬನಹಟ್ಟಿಗೆ ಹೋಗಿ ನರ್ಸಬಾಯಿಯ ಎದುರು ನಾಲ್ಕು ನುಂಗಿದೆ, ಸಂಜೆ ಮನೆಯಲ್ಲಿ ಮತ್ತೆ ನಾಲ್ಕು. ಒಂದು ದಿನ ಹೊಟ್ಟೆ ತೊಳಸಿತು, ಕಾಲೇಜು ತಪ್ಪಿಸಲಿಲ್ಲ.

ವೈನಿ ಆರಾಮ ಇದ್ದಾಳೆ. ಬನಶಂಕರಿ ಈಗ ಕಂಡಿಕೆ ಬಿಚ್ಚುವುದಿಲ್ಲ, ಸುತ್ತುತ್ತಾಳೆ. ಮಾರ್ಚಿಗೆ ಡಾಕ್ಟರ್ ಹೇಳಿದ ಮೂರು ವರ್ಷ ಮುಗಿಯುತ್ತವೆ. ಆಮೇಲಿನದು ನನ್ನ ಮನಸ್ಸು, ನೋಡೋಣ ಅನ್ನುತ್ತಾಳೆ ವೈನಿ. ಅವ್ವ ಈಗ ಬನಶಂಕರಿಗೆ ತಮ್ಮನ ಮಾತು ಎತ್ತುವುದಿಲ್ಲ.

ನಿನ್ನೆ ಮುಂಜಾನೆ ಆ ಮೂರು ದಿನ ಶುರುವಾದವು. ನಿಮ್ಮವಲ್ಲ ಅಕ್ಕಾ, ನಮ್ಮವು.

ಇಂದ್ರವ್ವ